ಗಾಜಿನ ಪಾಟಿಯ ಮೇಲೆ ಕನ್ನಡದ ಅಕ್ಷರ

ಕಳೆದ ಕೆಲವು ತಿಂಗಳುಗಳಿಂದ ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ತಿರುಗಾಡುವಾಗಲೆಲ್ಲ, ಎಂದಿನ ಟಿಪ್ಪಣಿಯ ವಹಿಯನ್ನು ಮನೆಯಲ್ಲಿಯೇ ಬಿಟ್ಟು, ಸಿಮ್ ಕಾರ್ಡಿನ ಮೂಲಕ ತಾನಾಗಿಯೇ ಅಂತರ್ಜಾಲವನ್ನು ಸೇರಬಲ್ಲ, ಗಾಜಿನ ಮೈಯ ಮೇಲೆ ಲೇಖನಿಯಿಂದ ಬರೆಯಲು ಬರುವ ಒಂದು ಹೊಸ ಟ್ಯಾಬನ್ನು ನಾನು ಜೊತೆಗೆ ಒಯ್ಯುತ್ತಿದ್ದೇನೆ. ಶ್ರೀಕೃಷ್ಣ ಪಾರಿಜಾತವೆಂಬ ಜನಪದ ನಾಟಕದ ತಮ್ಮಣ್ಣನಿಂದ ಹೆಸರಾದ ಕುಲಗೋಡದಲ್ಲಿ ಒಂದು ಸಂಜೆ ಮನೆಯ ಕಟ್ಟೆಯ ಮೇಲೆ ಕುಳಿತು, ಹಿರಿಯರು ಹೇಳುತ್ತಿದ್ದ ಹಾಡಿನ ಮಟ್ಟುಗಳ ಹೆಸರನ್ನು ಬರೆದುಕೊಳ್ಳುತ್ತಿದ್ದಾಗ, ಪಕ್ಕದಲ್ಲಿದ್ದ ವೃದ್ಧೆಯೊಬ್ಬರು ಬಹಳ ಹೊತ್ತು ನನ್ನ ಕೈಯನ್ನೇ ನೋಡುತ್ತಿದ್ದು, ಕೊನೆಗೆ ಕೇಳಿದರು: “ಇದು ನಮ್ಮ ಸಾಲ್ಯಾಗಿನ ಪಾಟೀನ ಐತಲ್ಲೋ ತಮ್ಮಾ. ಬರಿಯೂದು, ಒರಸೂದು. ಆದ್ರ ನೀ ಬರದದ್ದು ಇದಕ್ಕ ಓದಾಕ ಬರತೈತೇನು?”

ಈ ಕೊನೆಯ ಮಾತು ನನ್ನನ್ನು ಬಿಡಲಿಲ್ಲ. ಟ್ಯಾಬಿನ ಪರದೆ ಎಷ್ಟು ಅಂಗುಲದ್ದು, ಅದರ ವಿದ್ಯುತ್ಕೋಶ ಎಷ್ಟು ಗಂಟೆ ಬಾಳೀತು ಎಂಬ ಪ್ರಶ್ನೆಗಳಿಗೆ ಅಂಗಡಿಯವನೇ ಉತ್ತರ ಕೊಡುತ್ತಾನೆ. ಆದರೆ ಕನ್ನಡವನ್ನು ಯಂತ್ರದ ಮೇಲೆ ಕೈಯಿಂದ ಬರೆಯಬೇಕೆ, ಬೆರಳಿನಿಂದ ಒತ್ತಬೇಕೆ, ಬಾಯಿಯಿಂದ ನುಡಿಯಬೇಕೆ, ಅಥವಾ ಬರವಣಿಗೆಯ ಮಟ್ಟಿಗಾದರೂ ಯಂತ್ರವನ್ನೇ ದೂರವಿಡಬೇಕೆ ಎಂಬುದು ಶಿಕ್ಷಕರು, ಲಿಪಿತಜ್ಞರು, ಗಣಕಶಾಸ್ತ್ರಜ್ಞರು, ಮನಃಶಾಸ್ತ್ರಜ್ಞರು ಇನ್ನೂ ಏಕಮತಕ್ಕೆ ಬಾರದ ಪ್ರಶ್ನೆಯಾಗಿದೆ. ಅದರ ಚರಿತ್ರೆಯನ್ನೂ, ಅದರ ಸುತ್ತ ನೆಲೆಗೊಂಡ ಪಕ್ಷಗಳನ್ನೂ ಓದುಗರ ಮುಂದಿರಿಸುವುದು ಈ ಲೇಖನದ ಉದ್ದೇಶ.

ಓಲೆ, ಕಡತ, ಪಾಟಿ

ಬರೆಯುವ ಮೈ ಬದಲಾದಂತೆ ಬರೆಹವೂ ಬದಲಾಗುತ್ತದೆ ಎಂಬುದಕ್ಕೆ ಕನ್ನಡ ಲಿಪಿಯೇ ಸಾಕ್ಷಿಯೆಂದು ಹಲವು ವಿದ್ವಾಂಸರು ಹೇಳುತ್ತ ಬಂದಿದ್ದಾರೆ. ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದು ಬರೆಯುವಾಗ ನೇರವಾದ ಗೀಟುಗಳು ಗರಿಯ ನಾರಿನೊಡನೆ ಸೀಳಿಹೋಗುವ ಭಯವಿದ್ದುದರಿಂದ ದಕ್ಷಿಣದ ಲಿಪಿಗಳು ದುಂಡಗಾದುವೆಂಬ ವಾದ ಪ್ರಸಿದ್ಧವಾದುದು. ಅದು ಸಂಪೂರ್ಣವಾಗಿ ಸಿದ್ಧವಾದ ಸಂಗತಿಯಲ್ಲವಾದರೂ, ಕಂಟ ಹಿಡಿದ ಕೈಗೆ ವರ್ತುಲ ಗತಿ ಸಹಜವೆಂಬುದನ್ನು ಓಲೆಗರಿಯ ಗ್ರಂಥಗಳನ್ನು ನೋಡಿದವರಾರೂ ಅಲ್ಲಗಳೆಯಲಾರರು. ಸುಮಾರು ಆರನೆಯ ಶತಮಾನದ್ದೆಂದು ಎಣಿಸಲಾಗುವ, ದೇಜ್ಜ ಮಹಾರಾಜನ ಹೆಸರಿನ ತಾಮ್ರಶಾಸನವು ಗೋಕಾಕದ ಹೆಸರಿನಿಂದಲೇ ಶಾಸನಶಾಸ್ತ್ರದಲ್ಲಿ ಪರಿಚಿತವಾಗಿದೆ. ಲೋಹದ ಹಲಗೆಯ ಮೇಲೆ ಮೊನೆಯುಳ್ಳ ಸಾಧನದಿಂದ ಅಕ್ಷರ ಮೂಡಿಸುವ ಕೆಲಸ ಈ ಸೀಮೆಗೆ ಹೊಸತಲ್ಲ.

ಆದರೆ ಟ್ಯಾಬಿಗೆ ನಿಜವಾದ ಪೂರ್ವಜ ತಾಮ್ರಪಟವೂ ಅಲ್ಲ, ಓಲೆಯೂ ಅಲ್ಲ, ಕಡತ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಒಣಗಿಸಿ, ಪುಸ್ತಕದಂತೆ ಮಡಿಸಿ, ಆ ಕಪ್ಪು ಮೈಯ ಮೇಲೆ ಬಳಪದಿಂದ ಬರೆಯುತ್ತಿದ್ದ ಕನ್ನಡಿಗರು, ಲೆಕ್ಕ ತೀರಿದ ಮೇಲೆ ಅದನ್ನೊರಸಿ ಮತ್ತೆ ಬಳಸುತ್ತಿದ್ದರು. ಅಳಿಸಲು ಬರುವುದು, ಹೊತ್ತೊಯ್ಯಲು ಬರುವುದು, ಪುಟ ಮುಗಿಯದಿರುವುದು ಎಂಬ ಮೂರು ಗುಣಗಳನ್ನೂ ಇಂದಿನ ವಿಕ್ರೇತರು ನೂತನ ಆವಿಷ್ಕಾರವೆಂಬಂತೆ ಹೇಳುತ್ತಾರೆ. ಕಡತಕ್ಕೆ ಅವು ಮೂರೂ ಇದ್ದುವು. ಆ ಶಬ್ದವೀಗ ಸರಕಾರಿ ಕಚೇರಿಯ ಕಾಗದದ ಕಟ್ಟಿಗೆ ಉಳಿದುಕೊಂಡಿದೆ. ಕಡತದ ಬಳಿಕ ಕಲ್ಲಿನ ಪಾಟಿ ಬಂದಿತು. ನಮ್ಮ ಭಾಗದಲ್ಲಿ ಶಾಲೆಯ ಮಗುವಿನ ಚೀಲಕ್ಕೆ ಪಾಟಿಚೀಲವೆಂಬ ಹೆಸರು, ಪಾಟಿ ಹೋಗಿ ಎಷ್ಟೋ ಕಾಲವಾದರೂ, ಇನ್ನೂ ಉಳಿದಿದೆ. ಹಾಗಾಗಿ ಕುಲಗೋಡದ ಆ ತಾಯಿ ಗಾಜಿನ ಹಲಗೆಯನ್ನು ಪಾಟಿಯೆಂದುದು ಬರಿಯ ಉಪಮೆಯಲ್ಲ, ಯಥಾರ್ಥವಾದ ವಂಶನಿರ್ದೇಶ.

ಕೀಲಿಯ ಕಾಲ

ಕೈಯಿಂದ ಕೀಲಿಗೆ ಕನ್ನಡ ಸಾಗಿದ ಹಾದಿ ಕಷ್ಟದ್ದಾಗಿತ್ತು. ಅನಂತ ಸುಬ್ಬರಾಯರು ಕನ್ನಡ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆಯನ್ನು ರೂಪಿಸಿದಾಗ, ಮೂಲಾಕ್ಷರ, ಗುಣಿತ, ಒತ್ತು ಎಂದು ನೂರಾರು ಆಕೃತಿಗಳಾಗಿ ಹರಡಿದ ಲಿಪಿಯನ್ನು ಕೆಲವೇ ಕೀಲಿಗಳಲ್ಲಿ ಹಿಡಿದಿಡಬೇಕಾಗಿತ್ತು. ಅಂದಿನಿಂದ ಯಂತ್ರದ ಅನುಕೂಲಕ್ಕಾಗಿ ಲಿಪಿಯನ್ನೇ ಸುಧಾರಿಸಬೇಕೆಂಬ ಸಲಹೆಗಳು ಮತ್ತೆ ಮತ್ತೆ ತಲೆಯೆತ್ತಿದುವು. ಗಣಕಯಂತ್ರ ಬಂದ ಮೇಲೆ ಈ ಬಿಕ್ಕಟ್ಟು ಬಹುಮಟ್ಟಿಗೆ ಪರಿಹಾರವಾಯಿತು. ಕಿನ್ನಿಕಂಬಳ ಪದ್ಮನಾಭ ರಾವ್ ಅವರು, ಕೆ.ಪಿ. ರಾವ್ ಎಂದು ನಾಡಿಗೆ ಪರಿಚಿತರಾದವರು, ಧ್ವನಿಯನ್ನು ಅನುಸರಿಸುವ ತರ್ಕಬದ್ಧವಾದ ಕೀಲಿಮಣೆಯ ವಿನ್ಯಾಸವನ್ನು ಕೊಟ್ಟರು. 1998ರಲ್ಲಿ ಬಂದ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶವೂ, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಮನೆಮನೆಯ ಮಾತಾದುವು. ಯೂನಿಕೋಡ್ ಸಂಕೇತವ್ಯವಸ್ಥೆಯು 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಪ್ರತ್ಯೇಕವಾದ 128 ಸ್ಥಾನಗಳ ನೆಲೆಯನ್ನು ಮೀಸಲಿರಿಸಿತು. ಇದರಿಂದ ಒಂದು ಯಂತ್ರದಲ್ಲಿ ಬರೆದುದನ್ನು ಮತ್ತೊಂದು ಯಂತ್ರ ಓದಲು ಸಾಧ್ಯವಾಯಿತು, ಹುಡುಕಲು ಸಾಧ್ಯವಾಯಿತು. ಕನ್ನಡ ಪಠ್ಯವು ಚಿತ್ರವಾಗಿರುವುದು ತಪ್ಪಿ ನಿಜವಾದ ಅರ್ಥದಲ್ಲಿ ಪಠ್ಯವಾಯಿತು. ಈ ಕೊನೆಯ ಭೇದವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದಿನ ವಾದಗಳ ಬುಡ ಅಲ್ಲಿದೆ.

ಲೇಖನಿಯ ಯಂತ್ರಗಳು

ಪರದೆಯ ಮೇಲೆ ಲೇಖನಿಯಿಂದ ಬರೆಯುವ ಆಸೆ ಕೀಲಿಮಣೆಯ ಯುಗದ ನಡುವೆಯೇ ಹುಟ್ಟಿತು. 1963ರಲ್ಲಿ ಐವನ್ ಸದರ್ಲೆಂಡ್ ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ರೇಖೆಗಳನ್ನೆಳೆದು ತೋರಿಸಿದರು; ಮರುವರುಷ ಅಮೆರಿಕದ ರ‍್ಯಾಂಡ್ ಸಂಸ್ಥೆಯು ಬರೆಯುವ ಹಲಗೆಯನ್ನೇ ನಿರ್ಮಿಸಿತು; 1972ರಲ್ಲಿ ಅಲನ್ ಕೇ ಮಕ್ಕಳು ಹೊತ್ತು ತಿರುಗಬಲ್ಲ ಪುಸ್ತಕದಾಕಾರದ ಗಣಕವನ್ನು ಕಲ್ಪಿಸಿದರು. 1993ರ ಆ್ಯಪಲ್ ನ್ಯೂಟನ್ ಯಂತ್ರ ಕೈಬರಹವನ್ನು ಓದುವೆನೆಂದು ಹೇಳಿ ಬಹಳ ಸಲ ತಪ್ಪಾಗಿ ಓದಿದುದರಿಂದ ಜನರ ವಿಶ್ವಾಸವನ್ನು ಕಳೆದುಕೊಂಡಿತು. 1996ರ ಪಾಮ್ ಪೈಲಟ್ ಬೇರೊಂದು ದಾರಿ ಹಿಡಿಯಿತು: ಯಂತ್ರಕ್ಕೆ ಓದಲು ಸುಲಭವಾಗುವಂತೆ ರೋಮನ್ ಅಕ್ಷರಗಳನ್ನೇ ಸರಳಗೊಳಿಸಿ, ಆ ಹೊಸ ಅಕ್ಷರಗಳನ್ನು ಕಲಿಯುವಂತೆ ಬಳಕೆದಾರನಿಗೆ ಹೇಳಿತು. ಮನುಷ್ಯನ ಕೈಯನ್ನು ಯಂತ್ರ ಕಲಿಯಬೇಕೋ, ಯಂತ್ರಕ್ಕಾಗಿ ಮನುಷ್ಯ ತನ್ನ ಕೈಯನ್ನು ತಿದ್ದಿಕೊಳ್ಳಬೇಕೋ ಎಂಬ ಕವಲು ಹೀಗೆ ಅಂದೇ ಒಡೆದಿತ್ತು.

ಕರ್ನಾಟಕವು ಈ ಚರಿತ್ರೆಯಲ್ಲಿ ಬರಿಯ ಗಿರಾಕಿಯಾಗಿರಲಿಲ್ಲ ಎಂಬುದನ್ನು ನಾವು ಮರೆತಿರುವುದು ನನಗೆ ಬಹಳ ವ್ಯಥೆಯ ವಿಷಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು, ಎನ್ಕೋರ್ ಸಂಸ್ಥೆಯವರೊಡಗೂಡಿ, ಅಕ್ಷರ ಬಾರದವರಿಗೂ ಉಪಯೋಗವಾಗುವಂತಹ ಸಿಂಪ್ಯೂಟರ್ ಎಂಬ ಅಂಗೈಯಗಲದ ಯಂತ್ರವನ್ನು ರೂಪಿಸಿದರು. ಅದಕ್ಕೆ ಕೀಲಿಮಣೆಯಿರಲಿಲ್ಲ, ಲೇಖನಿಯಿತ್ತು. ಅದು ಕನ್ನಡ ಪಠ್ಯವನ್ನು ಧ್ವನಿಯಾಗಿ ನುಡಿಯಬಲ್ಲುದಾಗಿತ್ತು. ಒಂದೇ ಯಂತ್ರವನ್ನು ಊರಿನ ಹಲವರು ತಮ್ಮ ತಮ್ಮ ಕಾರ್ಡನ್ನು ತೂರಿಸಿ ಹಂಚಿಕೊಂಡು ಬಳಸಬಹುದಾಗಿತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಹಯೋಗದಿಂದ ‘ಅಮಿಡಾ’ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂದಾಗ ಅತ್ಯಂತ ಅಗ್ಗದ ಮಾದರಿಯ ಬೆಲೆ 9,950 ರೂಪಾಯಿ. ಮಾರಾಟ ನಿರೀಕ್ಷೆಯ ಹತ್ತಿರಕ್ಕೂ ಬರಲಿಲ್ಲ. ಬೆಲೆಯ ಕಾರಣವೆಂದು ಕೆಲವರು, ಅಗ್ಗದ ಮೊಬೈಲ್ ಫೋನಿನ ಪ್ರವಾಹವೆಂದು ಕೆಲವರು, ಹಳ್ಳಿಗಳಿಗೆ ಬೇಕಾದ ಸೇವೆಗಳು ಅದರಲ್ಲಿ ಸಿದ್ಧವಾಗಿರಲಿಲ್ಲವೆಂದು ಕೆಲವರು ಹೇಳುತ್ತಾರೆ. ನನ್ನ ಎಣಿಕೆಯಲ್ಲಿ ಮೂರನೆಯ ಕಾರಣವೇ ಪ್ರಬಲವಾದುದು. ಯಂತ್ರ ಹಳ್ಳಿಗೆ ಹೋಗಲು ಸಿದ್ಧವಾಗಿತ್ತು, ಹಳ್ಳಿಯ ಕಾಗದಪತ್ರ ಯಂತ್ರಕ್ಕೆ ಬರಲು ಸಿದ್ಧವಾಗಿರಲಿಲ್ಲ.

ಇಂದಿನ ಟ್ಯಾಬುಗಳ ಲೇಖನಿಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದರಲ್ಲಿ ಪರದೆಯ ಕೆಳಗಿನ ತಂತಿಸುರುಳಿಗಳ ಹಾಳೆ ಕಾಂತಕ್ಷೇತ್ರವನ್ನುಂಟುಮಾಡಿ ಲೇಖನಿಯೊಳಗಿನ ಸುರುಳಿಯನ್ನು ಮಿಡಿಸುತ್ತದೆ. ಜಪಾನಿನ ವಾಕಮ್ ಸಂಸ್ಥೆ ಬೆಳೆಸಿ, 2011ರ ಸ್ಯಾಮ್ಸಂಗ್ ಗ್ಯಾಲಕ್ಸಿ ನೋಟ್ ಮೂಲಕ ಜನಪ್ರಿಯವಾದ ಈ ಕ್ರಮದಲ್ಲಿ ಲೇಖನಿಗೆ ವಿದ್ಯುತ್ಕೋಶವೇ ಬೇಡ. ಮತ್ತೊಂದರಲ್ಲಿ, 2015ರ ಆ್ಯಪಲ್ ಪೆನ್ಸಿಲಿನಲ್ಲಿರುವಂತೆ, ಲೇಖನಿ ತಾನೇ ಸಂಜ್ಞೆಯನ್ನು ಹೊರಡಿಸುತ್ತದೆ, ಆದುದರಿಂದ ಅದನ್ನು ಆಗಾಗ ಚಾರ್ಜ್ ಮಾಡಬೇಕು. ಬರೆಯುವವನಿಗೆ ಇವೆರಡರಲ್ಲಿ ಮುಖ್ಯವಾದುದು ಒತ್ತಡದ ಸೂಕ್ಷ್ಮತೆಯಲ್ಲ. ಮೊನೆ ಓಡಿದ ಕ್ಷಣಕ್ಕೂ ಗೆರೆ ಮೂಡುವ ಕ್ಷಣಕ್ಕೂ ನಡುವಣ ವಿಳಂಬ, ಮತ್ತು ಪರದೆಗೆ ತಗುಲಿದ ಅಂಗೈಯನ್ನು ಯಂತ್ರ ಅಲಕ್ಷಿಸುವ ವಿವೇಕ.

ಮೂರು ಊರುಗಳ ಹೆಸರು

ಯಂತ್ರಕ್ಕೆ ಓದಲು ಬರುತ್ತದೆಯೇ ಎಂಬ ಪ್ರಶ್ನೆಯನ್ನು ಪರೀಕ್ಷಿಸಲು ನಾನು ದೂರ ಹೋಗಲಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಎಂಬ ಮೂರು ಹೆಸರುಗಳನ್ನೇ, ನನಗೆ ಸಹಜವಾದ ಕೂಡುಬರಹದಲ್ಲಿ, ಮತ್ತೆ ಮತ್ತೆ ಬರೆದು ನೋಡಿದೆನು. ಕನ್ನಡ ಕೈಬರಹವನ್ನು ಓದುವುದು ಏಕೆ ಕಠಿನವೆಂಬುದನ್ನು ಈ ಮೂರು ಹೆಸರುಗಳು ಬೇರೆ ಬೇರೆ ಬಗೆಯಲ್ಲಿ ಕಲಿಸುತ್ತವೆ.

‘ಗೋಕಾಕ’ದ ಮೊದಲ ಅಕ್ಷರದಲ್ಲಿ ಗಕಾರಕ್ಕೆ ಎತ್ವ, ಅದರ ಬಲಕ್ಕೆ ಕೊಂಬಿನ ದೀರ್ಘವನ್ನು ಹೋಲುವ ಸುಳಿ, ಕೊನೆಗೆ ದೀರ್ಘಚಿಹ್ನೆ ಹೀಗೆ ಮೂರು ಅಂಗಗಳು ಸೇರಿ ಓಕಾರವಾಗುತ್ತದೆ, ಯೂನಿಕೋಡ್ ಕೂಡ ಆ ಸ್ವರಚಿಹ್ನೆಯನ್ನು ಇದೇ ಮೂರು ಅಂಗಗಳಾಗಿ ಬಿಡಿಸಬಲ್ಲುದು. ಅವಸರದಲ್ಲಿ ಬರೆಯುವಾಗ ಮೇಲಿನ ಎತ್ವ ತೇಲಿಹೋದರೆ ‘ಗೋ’ ‘ಗೂ’ ಆಗುತ್ತದೆ. ಓದುವ ಮನುಷ್ಯ ಗೋಕಾಕವನ್ನು ಬಲ್ಲವನಾದುದರಿಂದ ತಾನೇ ತಿದ್ದಿಕೊಳ್ಳುತ್ತಾನೆ. ಯಂತ್ರ ತಿದ್ದಿಕೊಳ್ಳಬೇಕಾದರೆ ಅದರ ಶಬ್ದಭಂಡಾರದಲ್ಲಿ ಗೋಕಾಕವಿರಬೇಕು.

‘ಮೂಡಲಗಿ’ಯ ತೊಡಕು ಬೇರೆ. ವಕಾರ, ಮಕಾರ, ಪಕಾರಗಳು ಒಡಹುಟ್ಟಿದವುಗಳಂತಿದ್ದು, ವಕಾರಕ್ಕೆ ಕೊಂಬು ಕೊಟ್ಟ ‘ವು’ ಎಂಬುದೂ ‘ಮ’ ಎಂಬುದೂ ಕೂಡುಬರಹದಲ್ಲಿ ಬಾಲದ ಒಂದು ಬಾಗಿನಷ್ಟೇ ದೂರ. ನಮ್ಮ ಪ್ರಾಥಮಿಕ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಿಂದಲ್ಲದೆ ಆಕೃತಿಯ ಸಾಮ್ಯದಿಂದ ಕಲಿಸುವುದು, ‘ರಗಸದಅ’ ಆದ ಮೇಲೆ ‘ಜವಮಬನ’ ಎಂದು ವಕಾರ ಮಕಾರಗಳನ್ನು ಜೊತೆಯಾಗಿಯೇ ಬರೆಯಿಸುವುದು, ಶಿಕ್ಷಕರೆಲ್ಲರಿಗೂ ಗೊತ್ತು. ಮಗುವಿನ ಕೈ ಆ ಸೂಕ್ಷ್ಮವನ್ನು ಅಭ್ಯಾಸದಿಂದ ಹಿಡಿಯುತ್ತದೆ. ಯಂತ್ರ ಸಾವಿರಾರು ಮಾದರಿಗಳಿಂದ ಹಿಡಿಯುತ್ತದೆ.

‘ಹುಕ್ಕೇರಿ’ ಅತ್ಯಂತ ಬೋಧಪ್ರದವಾದುದು. ‘ಕ್ಕೇ’ ಬರೆಯುವ ಕೈ ಮೊದಲು ಕಕಾರವನ್ನೂ ಅದರ ತಲೆಯ ಎತ್ವವನ್ನೂ ಬರೆದು, ಕೆಳಗಿಳಿದು ಒತ್ತಕ್ಷರವನ್ನಿಟ್ಟು, ಮತ್ತೆ ಮೇಲೇರಿ ದೀರ್ಘವನ್ನು ಸೇರಿಸುತ್ತದೆ. ಯಂತ್ರದ ಸ್ಮೃತಿಯಲ್ಲಾದರೋ ಕಕಾರ, ಹಲಂತ, ಮತ್ತೊಂದು ಕಕಾರ, ಕೊನೆಗೆ ಏತ್ವ ಎಂಬ ಉಚ್ಚಾರಣೆಯ ಕ್ರಮವೇ ಸಲ್ಲುತ್ತದೆ. ಕೈ ನಡೆದ ಕ್ರಮ ಒಂದು, ನಾಲಗೆ ನಡೆಯುವ ಕ್ರಮ ಇನ್ನೊಂದು. ಇವೆರಡನ್ನು ಹೊಂದಿಸುವುದೇ ಲಿಪಿ ಗುರುತಿಸುವ ತಂತ್ರಾಂಶದ ಹೃದಯ. ಅರ್ಕಾವೊತ್ತಿನಲ್ಲಿ ಈ ವಿರೋಧ ಪರಾಕಾಷ್ಠೆಗೆ ಮುಟ್ಟುತ್ತದೆ: ‘ಸೂರ್ಯ’ದಲ್ಲಿ ರೇಫವನ್ನು ನುಡಿಯುವುದು ಮೊದಲು, ಬರೆಯುವುದು ಕೊನೆಯಲ್ಲಿ. ನಾನು ಬಳಸಿದ ತಂತ್ರಾಂಶ ‘ಸೂರ್ಯ’ವನ್ನು ಒಂದೆರಡು ಸಲ ‘ಸೂಯ೯’ ಎಂದು, ಅರ್ಕಾವೊತ್ತನ್ನು ಒಂಬತ್ತರ ಅಂಕಿಯಾಗಿ ಓದಿಕೊಟ್ಟಿತು. ಅಂಗಡಿಯ ಫಲಕಗಳಲ್ಲಿ, ಮೊಬೈಲಿನ ಸಂದೇಶಗಳಲ್ಲಿ ‘ಕನಾ೯ಟಕ’ವೆಂಬ ರೂಪವನ್ನು ನಿತ್ಯವೂ ಕಾಣುವ ನಮಗೆ ಈ ತಪ್ಪು ಅಪರಿಚಿತವೇನಲ್ಲ, ಮನುಷ್ಯರು ಮಾಡಿದ ತಪ್ಪನ್ನೇ ಯಂತ್ರವೂ ಕಲಿತಿದ್ದರೆ ಅದಕ್ಕಿಂತ ಖೇದಕರವಾದುದು ಬೇರೊಂದಿಲ್ಲ. ಅನುಸ್ವಾರ, ಸೊನ್ನೆ, ಠಕಾರ ಇವು ಮೂರೂ ವೃತ್ತವನ್ನೇ ಹೋಲುವ ಲಿಪಿಯಲ್ಲಿ ಓದುವವನಿಗೆ ಅರ್ಥದ ಅರಿವು ಬೇಕೇ ಬೇಕು.

ಇಷ್ಟಾದರೂ ಒಟ್ಟಿನ ಫಲ ನಿರಾಶಾದಾಯಕವಲ್ಲ. ಬಿಡಿಬಿಡಿಯಾಗಿ ಬರೆದಾಗ ಮೂರು ಊರುಗಳ ಹೆಸರೂ ಶುದ್ಧವಾಗಿ ಬಂದುವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯವು ಕನ್ನಡ, ತಮಿಳು ಕೈಬರಹಗಳನ್ನು ಗುರುತಿಸುವ ಸಂಶೋಧನೆಯನ್ನು ಬಹುಕಾಲ ನಡೆಸಿತು. 2015ರಲ್ಲಿ ಗೂಗಲ್ ಸಂಸ್ಥೆ 82 ಭಾಷೆಗಳಿಗೆಂದು ಹೊರತಂದ ಕೈಬರಹದ ಸಾಧನದಲ್ಲಿ ಕನ್ನಡವೂ ಸೇರಿತ್ತು. ಕೂಡುಬರಹದಲ್ಲಿ, ಅದರಲ್ಲಿಯೂ ಹಿರಿಯರ, ಮೋಡಿ ಲಿಪಿಯಂತಹ ಓಟದ ಬರಹದಲ್ಲಿ, ಯಂತ್ರ ಇನ್ನೂ ಎಡವುತ್ತದೆ.

ಕೈಯ ಪಕ್ಷ

ಕೈಬರಹವನ್ನು ಸಮರ್ಥಿಸುವವರ ವಾದ ಭಾವುಕತೆಯಿಂದ ಮಾತ್ರ ಹುಟ್ಟಿದುದಲ್ಲ. 2012ರಲ್ಲಿ ಕ್ಯಾರಿನ್ ಜೇಮ್ಸ್ ಮತ್ತು ಲಾರಾ ಎಂಗೆಲ್ಹಾರ್ಟ್ ಇನ್ನೂ ಓದಲು ಕಲಿಯದ ಐದು ವರುಷದ ಮಕ್ಕಳಿಂದ ಅಕ್ಷರಗಳನ್ನು ಕೈಯಿಂದ ಬರೆಯಿಸಿ, ತಿದ್ದಿಸಿ, ಕೀಲಿಯಿಂದ ಒತ್ತಿಸಿ, ಅನಂತರ ಮಿದುಳಿನ ಚಿತ್ರಗಳನ್ನು ತೆಗೆದು ನೋಡಿದಾಗ, ಓದಿಗೆ ಸಂಬಂಧಿಸಿದ ಭಾಗಗಳು ಸ್ವಹಸ್ತದಿಂದ ಬರೆದ ಅಕ್ಷರಗಳಿಗೆ ವಿಶೇಷವಾಗಿ ಎಚ್ಚೆತ್ತುದು ಕಂಡುಬಂದಿತು. 2014ರಲ್ಲಿ ಪ್ಯಾಮ್ ಮುಲ್ಲರ್ ಮತ್ತು ಡೇನಿಯಲ್ ಒಪನ್‌ಹೈಮರ್ ಪ್ರಕಟಿಸಿದ ಅಧ್ಯಯನವು, ಉಪನ್ಯಾಸವನ್ನು ಕೈಯಿಂದ ಬರೆದುಕೊಂಡ ವಿದ್ಯಾರ್ಥಿಗಳು, ಅಕ್ಷರಶಃ ನಕಲು ಮಾಡಲಾಗದ ಕಾರಣದಿಂದಲೇ, ವಿಷಯವನ್ನು ಹೆಚ್ಚು ಗ್ರಹಿಸುತ್ತಾರೆಂದಿತು. ನಮ್ಮ ವಿಷಯಕ್ಕೆ ಅತ್ಯಂತ ಹತ್ತಿರವಾದುದು ನಾರ್ವೆಯ ಆಡ್ರಿ ವಾನ್ ಡರ್ ಮೇರ್ ಅವರ ತಂಡ 2024ರಲ್ಲಿ ಪ್ರಕಟಿಸಿದ ಪ್ರಯೋಗ. ಅದರಲ್ಲಿ 36 ಮಂದಿ ವಿದ್ಯಾರ್ಥಿಗಳು ಬರೆದುದು ಕಾಗದದ ಮೇಲಲ್ಲ, ಪರದೆಯ ಮೇಲೆ, ಅಂಕೀಯ ಲೇಖನಿಯಿಂದ. ಆಗಲೂ ಮಿದುಳಿನ ಭಾಗಗಳ ಪರಸ್ಪರ ಸಂಪರ್ಕ ಕೀಲಿಯೊತ್ತುವಾಗಿನದಕ್ಕಿಂತ ವಿಸ್ತಾರವಾಗಿತ್ತು.

ಈ ಪಕ್ಷದ ವಾದ ಕನ್ನಡಕ್ಕೆ ಇನ್ನಷ್ಟು ಬಲವಾಗಿ ಸಲ್ಲುತ್ತದೆಂದು ನನ್ನ ನಂಬಿಕೆ. ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, 26 ಅಕ್ಷರಗಳ ಇಂಗ್ಲಿಷ್ ವರ್ಣಮಾಲೆಯಂತೆ ಕನ್ನಡದ ಅಕ್ಷರಜ್ಞಾನ ಒಂದೆರಡು ವರುಷಗಳಲ್ಲಿ ಮುಗಿಯುವುದಿಲ್ಲ, ಗುಣಿತ ಒತ್ತಕ್ಷರಗಳ ಮೇಲಣ ಪ್ರಭುತ್ವ ಪ್ರಾಥಮಿಕ ಶಾಲೆಯ ಮೇಲ್ತರಗತಿಗಳವರೆಗೂ ಬೆಳೆಯುತ್ತಲೇ ಇರುತ್ತದೆ ಎಂದು ತೋರಿಸಿತು. ಕೀಲಿಮಣೆಯಲ್ಲಿ ‘ಹುಕ್ಕೇರಿ’ ಬರೆಯುವ ಮಗು ಒತ್ತನ್ನು ಬರೆಯುವುದೇ ಇಲ್ಲ, ಒಂದು ಕೀಲಿಯನ್ನು ಒತ್ತಿ ಅದನ್ನು ಬರಮಾಡಿಕೊಳ್ಳುತ್ತದೆ. ಒತ್ತು ಎಲ್ಲಿ ಕೂರುತ್ತದೆಂಬ ಜ್ಞಾನ ಮಗುವಿನ ಕೈಯಿಂದ ಯಂತ್ರದ ಹೊಟ್ಟೆಗೆ ಸರಿದುಬಿಡುತ್ತದೆ.

ಆದರೆ ಈ ಪಕ್ಷದ ಸಾಕ್ಷ್ಯಗಳಲ್ಲಿ ಬಿರುಕುಗಳಿವೆ. 2014ರ ಫಲಿತಾಂಶವನ್ನು ಮರುಪರೀಕ್ಷಿಸಿದ 2019ರ ಹಾಗೂ 2021ರ ಅಧ್ಯಯನಗಳಲ್ಲಿ ಕೈಬರಹದ ಮೇಲುಗೈ ಅಷ್ಟು ಸ್ಪಷ್ಟವಾಗಿ ಮರುಕಳಿಸಲಿಲ್ಲ. ನಾರ್ವೆಯ ಪ್ರಯೋಗದಲ್ಲಿ ಕೀಲಿಯೊತ್ತಿದುದು ಹತ್ತು ಬೆರಳುಗಳಿಂದಲ್ಲ, ಬಲಗೈಯ ತೋರುಬೆರಳೊಂದರಿಂದ. ಆದುದರಿಂದ ಅಲ್ಲಿ ಹೋಲಿಸಿದುದು ಸರಿಜೋಡಿಗಳನ್ನಲ್ಲವೆಂಬ ಆಕ್ಷೇಪ ನ್ಯಾಯವಾದುದೇ.

ಕೀಲಿಯ ಪಕ್ಷ

ಕೀಲಿಮಣೆಯ ಪಕ್ಷದವರು ಮಿದುಳಿನ ಮಾತನ್ನು ಬದಿಗಿಟ್ಟು ಬಳಕೆಯ ಮಾತನ್ನು ಎತ್ತುತ್ತಾರೆ. ಕೈಯಿಂದ ಬರೆದು ಉಳಿಸಿದ ಪುಟ, ಯಂತ್ರ ಅದನ್ನು ಓದಿ ಅಕ್ಷರಗಳಾಗಿ ಪರಿವರ್ತಿಸುವವರೆಗೆ, ಒಂದು ಚಿತ್ರ ಮಾತ್ರ. ಅದರಲ್ಲಿ ಹುಡುಕಲು ಬಾರದು, ಅದನ್ನು ಕುರುಡರಿಗೆ ಯಂತ್ರ ಓದಿಹೇಳಲಾರದು, ಅದು ಅಚ್ಚಿಗೆ ನೇರವಾಗಿ ಹೋಗಲಾರದು. 1981ರ ಗೋಕಾಕ ವರದಿ, ವಿ.ಕೃ. ಗೋಕಾಕರ ಅಧ್ಯಕ್ಷತೆಯ ಭಾಷಾ ಸಮಿತಿಯದು, ಪ್ರೌಢಶಾಲೆಯಲ್ಲಿ ಕನ್ನಡವು 150 ಅಂಕಗಳ ಏಕೈಕ ಪ್ರಥಮ ಭಾಷೆಯಾಗಬೇಕೆಂದಿತು. ಇಂದು ಕನ್ನಡ ಶಾಲೆಯ ಹೊರಗೂ ಬಾಳಬೇಕಾದರೆ ಅಂತರ್ಜಾಲದಲ್ಲಿ ಹುಡುಕಿ ಸಿಕ್ಕಬೇಕು, ಅದಕ್ಕೆ ಕೀಲಿಯೇ ದಾರಿ ಎಂಬುದು ಇವರ ವಾದದ ಸಾರ.

ಕಂದಾಯ ಇಲಾಖೆಯ ಭೂಮಿ ಯೋಜನೆ ಇವರ ಪ್ರಬಲ ದೃಷ್ಟಾಂತ. ತಲಾಠಿಯ ಕೈಬರಹದಲ್ಲಿದ್ದ ಜಮೀನಿನ ಪಹಣಿಗಳನ್ನು, ರಾಜ್ಯದಾದ್ಯಂತ ಸುಮಾರು 2 ಕೋಟಿಯಷ್ಟನ್ನು, ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಗಣಕಕ್ಕೇರಿಸಿ, ಕೈಬರಹದ ಉತಾರಕ್ಕೆ ಮಾನ್ಯತೆಯನ್ನೇ ತೆಗೆದುಹಾಕಲಾಯಿತು. ಒಬ್ಬನ ಅಕ್ಷರ ಇನ್ನೊಬ್ಬನಿಗೆ ತಿಳಿಯದ ಸಂಕಟ, ಅಕ್ಷರ ತಿದ್ದಿ ಹೊಲ ಕಬಳಿಸುವ ಭಯ ಬಹಳ ಮಟ್ಟಿಗೆ ಇಳಿಯಿತು. ಇದು ಅಲ್ಪ ಲಾಭವಲ್ಲ. ಕೈಬರಹದ ಅಭಿಮಾನಿಗಳು ಈ ಸಂಗತಿಯನ್ನು ಮನಸ್ಸಿಟ್ಟು ಯೋಚಿಸಬೇಕು. ಆದರೆ ಅದೇ ಕಂದಾಯ ಇಲಾಖೆ ಈಗ ಭೂ ಸುರಕ್ಷಾ ಯೋಜನೆಯಲ್ಲಿ ತಾಲೂಕು ಕಚೇರಿಗಳ ದಾಖಲೆಕೋಣೆಗಳ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡುತ್ತಿದೆ. ಆ ಪುಟಗಳಲ್ಲಿ ಬಹಳವು ಕೈಬರಹದವು. ಬೆಳಗಾವಿ ಜಿಲ್ಲೆಯಲ್ಲಾದರೆ ಮೋಡಿ ಲಿಪಿಯವೂ ಸೇರಿವೆ. ಅವು ಚಿತ್ರಗಳಾಗಿ ಉಳಿಯುವುವೋ ಪಠ್ಯವಾಗುವುವೋ ಎಂಬುದು, ಯಂತ್ರಕ್ಕೆ ಕೈಬರಹ ಓದಲು ಬರುತ್ತದೆಯೇ ಎಂಬ ಹಳೆಯ ಪ್ರಶ್ನೆಗೇ ಬಂದು ನಿಲ್ಲುತ್ತದೆ.

ಧ್ವನಿಯ ಪಕ್ಷ, ಕಾಗದದ ಪಕ್ಷ

ಬರೆಯುವುದೇಕೆ, ನುಡಿದರೆ ಸಾಲದೆ ಎಂಬವರು ಹೊಸಬರು. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ‘ಭಾಷಿಣಿ’ಯಂತಹ ಯೋಜನೆಗಳು ಭಾರತೀಯ ಭಾಷೆಗಳ ಮಾತನ್ನು ಅಕ್ಷರಕ್ಕಿಳಿಸುವ ಗುರಿಯುಳ್ಳವು. ಅಕ್ಷರ ಬಾರದ ರೈತನಿಗೂ, ಕಣ್ಣಿಲ್ಲದವನಿಗೂ ಇದು ವರ. ಆದರೆ ಘಟಪ್ರಭೆಯ ದಂಡೆಯ ಮಾತು ಪುಸ್ತಕದ ಕನ್ನಡವಲ್ಲ. “ಹೋಗಾಕತ್ತೇನಿ” ಎಂದುದನ್ನು ನನ್ನ ಯಂತ್ರ ಪುಸ್ತಕದ ರೂಪಕ್ಕೆ ತಿದ್ದಿಯೋ, ಅರ್ಥವಿಲ್ಲದ ಶಬ್ದಗಳಾಗಿ ಒಡೆದೋ ಬರೆಯಿತು. ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಬೆಟಗೇರಿ ಕೃಷ್ಣಶರ್ಮರು, ಆನಂದಕಂದರು, ಜನಪದರ ಹಾಡುಗಳನ್ನು ಕೇಳಿ ಅವರ ಉಚ್ಚಾರಣೆಯಂತೆಯೇ ಬರೆದುಕೊಳ್ಳಬೇಕಾಗಿದ್ದಾಗ ಇಂತಹ ಯಂತ್ರವನ್ನು ನೆಚ್ಚಿಕೊಂಡಿದ್ದರೆ ನಮಗೆ ದೊರಕುತ್ತಿದ್ದುದೇನೆಂದು ನೆನೆದರೆ ದಿಗಿಲಾಗುತ್ತದೆ. ಕೇಳಿದುದನ್ನು ಕೇಳಿದಂತೆ ಬರೆಯುವುದರಲ್ಲಿ ಕೈಗೆ ಇಂದಿಗೂ ಸರಿಯಿಲ್ಲ.

ಕಾಗದದ ಪಕ್ಷದವರು ಈ ಮೂವರನ್ನೂ ಒಪ್ಪರು. ಅವರ ದೃಷ್ಟಿಯಲ್ಲಿ ದೋಷವಿರುವುದು ಬರೆಯುವ ರೀತಿಯಲ್ಲಲ್ಲ, ಹೊಳೆಯುವ ಪರದೆಯಲ್ಲಿ. ಬರೆಯಲು ತೆರೆದ ಹಲಗೆ ಮರುಕ್ಷಣ ಆಟಕ್ಕೂ ಚಲಚ್ಚಿತ್ರಕ್ಕೂ ತೆರೆದುಕೊಳ್ಳುತ್ತದೆ. ಸ್ವೀಡನ್ ದೇಶ 2023ರಲ್ಲಿ ತನ್ನ ಶಾಲೆಗಳನ್ನು ಮತ್ತೆ ಮುದ್ರಿತ ಪುಸ್ತಕ, ಕೈಬರಹಗಳ ಕಡೆಗೆ ತಿರುಗಿಸತೊಡಗಿದುದೂ, ಅದೇ ವರುಷ ಯುನೆಸ್ಕೊ ವರದಿಯು ಶಿಕ್ಷಣದಲ್ಲಿ ತಂತ್ರಜ್ಞಾನ ಯಾರ ಷರತ್ತಿನ ಮೇಲೆ ಎಂದು ಕೇಳಿದುದೂ ಇವರಿಗೆ ಬೆಂಬಲ. ಎಳೆಯ ಮಕ್ಕಳ ಮಟ್ಟಿಗೆ ನಾನು ಈ ಪಕ್ಷದವನು. ಅಕ್ಷರ ಕಲಿಯುವ ಕೈಗೆ ಒರಟಾದ ಮೈಯ ಪ್ರತಿರೋಧ ಬೇಕು, ಜಾರುವ ಗಾಜು ಅದನ್ನು ಕೊಡದು. ಪ್ರೌಢರ ಮಟ್ಟಿಗೆ ಈ ನಿಷೇಧಕ್ಕೆ ಆಧಾರ ಸಾಲದು.

ಸಿಮ್ಮಿನ ಪ್ರಶ್ನೆ

ಮೊಬೈಲ್ ಜಾಲಕ್ಕೆ ತಾನೇ ಸೇರುವ ಟ್ಯಾಬಿನ ವಿಷಯದಲ್ಲಿ ಮೇಲಿನ ವಾದಗಳಿಗೆ ಇನ್ನೊಂದು ಕೂಡಿಕೊಳ್ಳುತ್ತದೆ. ಯಂತ್ರಗಳಲ್ಲಿ ಕೆಲವು ಕೈಬರಹವನ್ನು ತಮ್ಮಲ್ಲಿಯೇ ಓದುತ್ತವೆ; ಕೆಲವು ದೂರದ ಗಣಕಕ್ಕೆ ಕಳುಹಿಸಿ ಓದಿಸುತ್ತವೆ. ನನ್ನ ಯಂತ್ರ ಎರಡನೆಯ ಬಗೆಯದು. ಗೋಕಾಕ ಪಟ್ಟಣದಲ್ಲಿ, ಸಂಕೇಶ್ವರದ ರಸ್ತೆಯಲ್ಲಿ ಅದು ತಡೆಯಿಲ್ಲದೆ ಓದುತ್ತಿತ್ತು. ಕಬ್ಬಿನ ಹೊಲಗಳ ನಡುವಣ ವಸತಿಗಳಲ್ಲಿ, “ಇಲ್ಲಿ ರೇಂಜ್ ಸಿಗಂಗಿಲ್ರಿ ಸರ” ಎಂದು ಜನ ಮೊದಲೇ ಎಚ್ಚರಿಸುವಲ್ಲಿ, ಪರದೆ ಕೇವಲ ಪಾಟಿಯಾಗಿ ಉಳಿಯುತ್ತಿತ್ತು. ಬೆಳೆ ಸಮೀಕ್ಷೆ ಮಾಡುವ ಯುವಕರು, ಆಶಾ ಕಾರ್ಯಕರ್ತೆಯರು, ಅಂಗನವಾಡಿಯ ಅಕ್ಕನವರು ದಿನವೂ ಕಾಣುವ ಸ್ಥಿತಿ ಇದೇ. ಹೊಲದಲ್ಲಿ ದಾಖಲಿಸಿ, ಊರಿಗೆ ಬಂದು ಏರಿಸುವುದು ಅವರಿಗೆ ರೂಢಿಯಾಗಿದೆ.

ಈ ಸೀಮೆಯ ಚರಿತ್ರೆ ಇಲ್ಲಿ ನೆನಪಾಗುತ್ತದೆ. ಗೋಕಾಕ ಫಾಲ್ಸಿನ ಗಿರಣಿ 1887ರಲ್ಲಿಯೇ ನೀರಿನ ಬಲದಿಂದ ನಡೆಯತೊಡಗಿತು. ಆದರೆ ಸುತ್ತಲಿನ ಹಳ್ಳಿಗಳ ಮನೆಗೆ ವಿದ್ಯುದ್ದೀಪ ಬರಲು ಅನೇಕ ದಶಕಗಳು ಹಿಡಿದುವು. ಹುಕ್ಕೇರಿ ಸೀಮೆಯಲ್ಲಿ ಆ ಕೆಲಸಕ್ಕೆ ಮುಂದಾದುದು 1969ರಲ್ಲಿ ಸ್ಥಾಪಿತವಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ, ರಾಜ್ಯದಲ್ಲಿ ತನ್ನ ಬಗೆಯ ಒಂದೇ ಸಂಸ್ಥೆ. ಶಕ್ತಿ ಹುಟ್ಟುವ ಸ್ಥಳಕ್ಕೂ ಅದು ಮುಟ್ಟುವ ಸ್ಥಳಕ್ಕೂ ನಡುವಣ ಅಂತರವನ್ನು ತುಂಬಿದುದು ಜನರ ಸ್ವಂತ ಸಂಘಟನೆ. ಜಾಲದ ವಿಷಯದಲ್ಲಿ ಅಂತಹ ಯತ್ನ ಇನ್ನೂ ಆಗಬೇಕಾಗಿದೆ. ಅಷ್ಟರವರೆಗೆ, ಕನ್ನಡ ಕೈಬರಹವನ್ನು ಯಂತ್ರದೊಳಗೇ ಓದುವ ತಂತ್ರಾಂಶವುಳ್ಳ ಟ್ಯಾಬನ್ನಲ್ಲದೆ ಬೇರೆಯದನ್ನು ಹಳ್ಳಿಯ ಕೆಲಸಕ್ಕೆ ಕೊಳ್ಳಬಾರದೆಂಬುದು ನನ್ನ ಖಚಿತವಾದ ಅಭಿಪ್ರಾಯ. ಬರೆದ ಖಾಸಗಿ ಮಾತು ಪರದೇಶದ ಗಣಕಕ್ಕೆ ಹೋಗಿಬರುವುದೂ ಇದರಿಂದ ತಪ್ಪುತ್ತದೆ.

ತೀರ್ಮಾನವಾಗದೆ ಉಳಿದುದು

ರೋಮನ್ ಅಕ್ಷರಗಳ ಮೇಲೆ ನಡೆದ ಪ್ರಯೋಗಗಳ ಫಲ, ಒತ್ತು ಗುಣಿತಗಳ ಲಿಪಿಯನ್ನು ಬರೆಯುವ ಕೈಗೂ ಅದೇ ಪ್ರಮಾಣದಲ್ಲಿ ಸಲ್ಲುತ್ತದೆಯೇ ಎಂಬುದು ಇತ್ಯರ್ಥವಾಗಿಲ್ಲ. ಕಾಗದದಿಂದ ಆಗುವ ಕಲಿಕೆ ಗಾಜಿನಿಂದಲೂ ಆಗುತ್ತದೆಯೇ, ಆಗುವುದಾದರೆ ಯಾವ ವಯಸ್ಸಿನಿಂದ, ಎಂಬುದೂ ಚರ್ಚೆಯಲ್ಲಿಯೇ ಇದೆ. ಯಂತ್ರವು ‘ಸೂಯ೯’ದಂತಹ ತಪ್ಪುಗಳನ್ನು ಬಿಡುವ ಮೊದಲೇ ಹೊಸ ತಲೆಮಾರು ಅವನ್ನು ಸರಿಯೆಂದು ಕಲಿತುಬಿಡುತ್ತದೆಯೇ ಎಂಬ ಭಯಕ್ಕೆ ಉತ್ತರವಿಲ್ಲ.

ಇವೆಲ್ಲಕ್ಕಿಂತ ಮೂಲಭೂತವಾದುದು, ಯಂತ್ರ ಯಾರ ಕೈಬರಹದಿಂದ ಕನ್ನಡ ಕಲಿಯುತ್ತಿದೆ ಎಂಬುದು. ಮಾದರಿಗಳು ನಗರದ ವಿದ್ಯಾವಂತರಿಂದ ಮಾತ್ರ ಬಂದರೆ, ಮೂಡಲಗಿಯ ದನದ ಸಂತೆಯಲ್ಲಿ ಚೀಟಿ ಬರೆಯುವವನ ಅಕ್ಷರ, ಹುಕ್ಕೇರಿಯ ಐದನೆಯ ತರಗತಿಯ ಹುಡುಗಿಯ ಅಕ್ಷರ ಯಂತ್ರಕ್ಕೆ ಅಪರಿಚಿತವಾಗಿಯೇ ಉಳಿಯುತ್ತವೆ. ಅಪರಿಚಿತವಾದುದನ್ನು ಯಂತ್ರ ತಪ್ಪೆಂದು ತಿದ್ದುತ್ತದೆ. ಆದುದರಿಂದ ಈ ಮೂರು ತಾಲೂಕುಗಳ ಶಿಕ್ಷಕರಲ್ಲಿ ನನ್ನದೊಂದು ವಿನಂತಿಯಿದೆ. ಪ್ರತಿ ವರುಷ ಪ್ರತಿ ತರಗತಿಯ ಮಕ್ಕಳಿಂದ, ಅವರ ಪಾಲಕರ ಒಪ್ಪಿಗೆ ಪಡೆದು, ಹೆಸರನ್ನು ಕಾಣಿಸದೆ, ಒಂದೊಂದು ಪುಟ ಕನ್ನಡವನ್ನು ಕಾಗದದ ಮೇಲೆ ಬರೆಯಿಸಿ ಶಾಲೆಯ ಕಪಾಟಿನಲ್ಲಿ ಜೋಪಾನವಾಗಿ ಇಡಿರಿ. ಹುಕ್ಕೇರಿ, ಮೂಡಲಗಿ, ಗೋಕಾಕ ಎಂಬ ಹೆಸರುಗಳು ಆ ಪುಟದಲ್ಲಿ ಇರಲಿ. ಕನ್ನಡ ಕೈಬರಹವನ್ನು ಓದಿಸಲು ಶ್ರಮಿಸುತ್ತಿರುವ ಸಂಶೋಧಕರು ಮುಂದೊಂದು ದಿನ ಕೇಳಿಕೊಂಡು ಬಂದಾಗ ಅವರ ಕೈಗೆ ಕೊಡಲು ನಮ್ಮ ಮಕ್ಕಳ ಅಕ್ಷರ ನಮ್ಮಲ್ಲಿರಬೇಕು.